ಮುನಿರಾಬಾದಿನ ಚಾಚಾ ಅವರಿಗೆ ಬರೆದ ಉತ್ತರ

ಮಾನ್ಯ ಓದುಗರೇ,

ಇದು ನನ್ನ ಮೊದಲ ಬರಹ. ಸೇವಾವಧಿಯುದ್ದಕ್ಕೂ ಕಚೇರಿಯ ಪತ್ರಗಳನ್ನೇ ಬೆರಳಚ್ಚು ಮಾಡಿದವಳಿಗೆ ಬೇರೆ ರೀತಿಯ ಬರವಣಿಗೆ ತಿಳಿಯದು. ಕಾಗುಣಿತದಲ್ಲಿ ದೋಷಗಳಿರಬಹುದು, ಕೈಬರಹವಂತೂ ಸಾಲು ಬಿಟ್ಟು ಇಳಿದಿದೆ. ಮನ್ನಿಸಬೇಕಾಗಿ ಕೋರುತ್ತೇನೆ.

ವಿಷಯ: ಮುನಿರಾಬಾದ್ ಕಚೇರಿಯ ಆಪರೇಟರ್ ಒಬ್ಬರ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸುವುದೇನೆಂದರೆ, ಕಳೆದ ತಿಂಗಳು ಕೊಪ್ಪಳದ ನನ್ನ ಮನೆಯಲ್ಲಿ ಹಳೆಯ ಟ್ರಂಕನ್ನು ತೆರೆದಾಗ, ಡಾಂಬರ ಗುಳಿಗೆಯ ವಾಸನೆಯೊಳಗಿಂದ ಒಂದು ಫ್ಲಾಪಿ ದೊರೆಯಿತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಕಾಲುವೆ ಅಳತೆ’ ಎಂದಿತ್ತು...

1998ರಲ್ಲಿ, ಪತಿಯ ನಿಧನಾನಂತರ, ಗಂಗಾವತಿಯ ಕಾಲುವೆ ಕಚೇರಿಯೊಂದರಲ್ಲಿ ಅನುಕಂಪದ ಆಧಾರದ ಮೇಲೆ ನನಗೆ ನೌಕರಿ ದೊರೆಯಿತು. ಊರು ಹೊಸದು. ಕಚೇರಿಯವರು ನನ್ನೊಡನೆ ಮೆಲುದನಿಯಲ್ಲಿ, ಬೇಗ ಮುಗಿಸುವಂತೆ ಮಾತನಾಡುತ್ತಿದ್ದರು. ಕಾಲುವೆಯ ನೀರಿನ ಮಟ್ಟವನ್ನು ಪ್ರತಿ ಬೆಳಿಗ್ಗೆ ಮೋಡೆಮ್ ಮೂಲಕ, ದೂರವಾಣಿ ತಂತಿಯ ಮೇಲೆ, ಮುನಿರಾಬಾದಿಗೆ ಕಳುಹಿಸುವುದು ನನ್ನ ಕೆಲಸ. ಅಲ್ಲಿ ಅದನ್ನು ಸ್ವೀಕರಿಸುತ್ತಿದ್ದ ಹಿರಿಯರನ್ನು ಚಾಚಾ ಎನ್ನುತ್ತಿದ್ದೆ. ಅವರ ಮುಖವನ್ನು ಕಂಡವಳಲ್ಲ.

ಮೊದಲು ಫೋನಿನಲ್ಲಿ ಮಾತನಾಡಿ, ನಂತರ ಸೀಟಿಯಂತೆ ಕೂಗುವ ಮೋಡೆಮ್‌ಗಳಿಗೆ ತಂತಿಯನ್ನು ಬಿಟ್ಟುಕೊಡುವುದು ರೂಢಿ.

“ಹಲೋ ತಂಗಿ, ನಾಷ್ಟಾ ಆತೇನು? ಸೀಟಿ ಹೊಡೀಲೇನು?”

“ಹೊಡೀರಿ ಚಾಚಾ.”

“ನಾ ಹೊಡದ್ರ ನೌಕರಿ ಹೋಗ್ತೈತಿ. ಮೋಡೆಮ್ಮಿಗೆ ಹೇಳ್ತೀನಿ, ತಡಿ.”

ಅಂಕಿಗಳು ಹೋದ ಮೇಲೆ ಪರದೆಯಲ್ಲಿ ಅವರ ಎರಡು ಸಾಲು ಬರುತ್ತಿದ್ದವು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಮಾತು. ನಿನ್ನೆ ರಾತ್ರಿ ಊಟ ಮಾಡಿದೆಯೋ ಇಲ್ಲವೋ ಎಂದು ವಿಚಾರಿಸುವವರು ನನಗೆ ಅವರೊಬ್ಬರೇ ಇದ್ದರು. ಯಂತ್ರದ ಜೋಪಾನವನ್ನೂ ಅವರೇ ಕಲಿಸಿದರು. “ಮೋಡ ಗುಡುಗಿದ್ರ ಮೊದ್ಲ ವೈರ್ ಕಿತ್ತು ಒಗಿ. ಸರ್ಕಾರಿ ಸಾಮಾನು ಅಂತ ಸಿಡಿಲು ಬಿಡಂಗಿಲ್ಲ” ಎಂದಿದ್ದರು.

ಎರಡು ವರ್ಷ ಹೀಗೆ ಸಾಗಿತು... ನಂತರ, ಬರುವ ಸೋಮವಾರದಿಂದ ಅಂಕಿಗಳನ್ನು ಫ್ಯಾಕ್ಸ್ ಮೂಲಕವೇ ಕಳುಹಿಸತಕ್ಕದ್ದೆಂದು ಆದೇಶ ಬಂದಿತು. ಅದೇ ತಿಂಗಳು ಚಾಚಾ ಅವರ ನಿವೃತ್ತಿ. ಕೊನೆಯ ಶನಿವಾರ ಪರದೆಯಲ್ಲಿ ಅವರ ಸಾಲುಗಳು ಬಂದವು: “ತಂಗಿ, ನಾಳೆ ಬಾ. ಹೋಗೂಕಿಂತ ಮೊದ್ಲ ಒಮ್ಮೆ ಮಾರಿ ನೋಡೂಣು. ಮೊಣಕಾಲು ಭಾಳ ನೋಯತಾವು, ನಿನ್ನ ಜವಾಬು ಬಂದ್ರಷ್ಟ ಬಸ್ ಸ್ಟ್ಯಾಂಡಿಗೆ ಬರ್ತೀನಿ.”

ಮಧ್ಯಾಹ್ನ ನಾನು ಉತ್ತರ ಬರೆದು, ಕಳುಹಿಸುವ ಗುಂಡಿಯನ್ನು ಒತ್ತಿದೆ. ಬರೆದದ್ದು ಪರದೆಯಿಂದ ಮರೆಯಾಯಿತು. ಆಗಲೇ ಆಕಾಶ ಗುಡುಗಿತು. ಅವರು ಕಲಿಸಿದಂತೆ ವೈರನ್ನು ಕಿತ್ತು, ಯಂತ್ರಕ್ಕೆ ಹೊದಿಕೆ ಹಾಕಿ ಮನೆಗೆ ಹೋದೆ.

ಭಾನುವಾರ ಹನ್ನೊಂದರಿಂದ ನಾಲ್ಕರವರೆಗೆ ಮುನಿರಾಬಾದಿನ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಯಾರೂ ಬರಲಿಲ್ಲ. ಮರಳುವಾಗ ಹಿಟ್ನಾಳದಲ್ಲಿ ಪಕ್ಕದ ಸೀಟಿಗೆ ಬಂದು ಕುಳಿತ ಹೆಣ್ಣುಮಗಳಿಗೆ ಶೇಂಗಾ ಹೋಳಿಗೆಯ ಗಂಟನ್ನು ಕೊಟ್ಟುಬಿಟ್ಟೆ. “ಯಾರಿಗೆ ಒಯ್ದಿದ್ರೆವ್ವಾ?” ಎಂದು ಆಕೆ ಕೇಳಿದಳು.

ಸೋಮವಾರ ತಂತ್ರಾಂಶವನ್ನೂ ಕಡತಗಳನ್ನೂ ಫ್ಲಾಪಿಗೆ ಇಳಿಸಿ, ಮೋಡೆಮ್ಮನ್ನು ಕಪಾಟಿಗೆ ಸೇರಿಸಿದೆ. ಮಂಗಳವಾರ ಮುನಿರಾಬಾದಿನಿಂದ ಫೋನ್ ಬಂದಿತು. ಎತ್ತಿದ ಜವಾನರಿಗೆ, ನಾನಿಲ್ಲವೆಂದು ಕೈಸನ್ನೆ ಮಾಡಿದೆ.

“ಏನಂದ್ರು?” ಎಂದು ಆಮೇಲೆ ಕೇಳಿದೆ.

“ತಂಗಿ ಅರಾಮ ಅದಾಳೇನು ಅಂದ್ರು. ಹೂಂ ಅಂದೆ. ಅಷ್ಟ ರೀ.”

ಅವರು ಹನುಮಸಾಗರದ ಮಗಳ ಮನೆಗೆ ಹೋದರೆಂದೂ, ಅಲ್ಲಿಯೇ ತೀರಿಕೊಂಡರೆಂದೂ ಬಹಳ ವರ್ಷಗಳ ನಂತರ ತಿಳಿಯಿತು. ಆಗಲೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಕರೆದವರೇ ಬರಲಿಲ್ಲವೆಂಬ ಸಿಟ್ಟು ಹಾಗೆಯೇ ಇತ್ತು...

ಫ್ಲಾಪಿಯನ್ನು ಇಲ್ಲಿನ ಕಂಪ್ಯೂಟರ್ ರಿಪೇರಿಯವರ ಬಳಿ ಒಯ್ದೆ. ಚಾಚಾ ಅವರ ಎರಡೆರಡು ಸಾಲುಗಳನ್ನು ಇನ್ನೊಮ್ಮೆ ಓದುವ ಆಸೆ. ಮೋಡೆಮ್ ಇಲ್ಲದೆ ಆ ಹಳೆಯ ತಂತ್ರಾಂಶ ತೆರೆಯಲೇ ಒಪ್ಪಲಿಲ್ಲ.

“ಚಿಂತಿ ಬ್ಯಾಡ್ರಿ ಅಕ್ಕಾರ, ಸುಳ್ಳು ಮೋಡೆಮ್ ಹಾಕ್ತೀನಿ. ಮೋಡೆಮ್ ಐತಿ ಅಂತ ಇದನ್ನ ನಂಬಸೂ ಸಾಫ್ಟ್‌ವೇರ್ ಅದು. ಕುದರಿ ಇಲ್ದ ಟಾಂಗಾ ಹೊಡದಂಗ.”

ತಂತ್ರಾಂಶ ನಂಬಿತು. ನೀಲಿ ಪರದೆ ತೆರೆಯಿತು. ನಾವು ಏನನ್ನೂ ಒತ್ತುವ ಮೊದಲೇ ಅದು ಮುನಿರಾಬಾದಿನ ಹಳೆಯ ಸಂಖ್ಯೆಯನ್ನು ತಿರುಗಿಸತೊಡಗಿತು.

“ಯಾರಿಗೋ ಹಚ್ಚಾಕತ್ತೈತಲ್ರಿ,” ಎಂದರು ಅವರು. “ಒಂದು ಪತ್ರ ಹೋಗೂದು ಬಾಕಿ ಐತಂತ.”

ತೆರೆದು ತೋರಿಸಿದರು. “ಚಾಚಾ, ಹನ್ನೊಂದರ ಬಸ್ಸಿಗೆ ಬರ್ತೀನಿ. ಶೇಂಗಾ ಹೋಳಿಗಿ ತರ್ತೀನಿ. ನೀಲಿ ಛತ್ರಿ ಹಿಡದಿರ್ತೀನಿ, ಗುರ್ತು ಹಿಡೀರಿ.”

ಆ ಶನಿವಾರ ಮುನಿರಾಬಾದಿನ ಲೈನ್ ಖಾಲಿ ಇರಲಿಲ್ಲವೇನೋ. ತಂತ್ರಾಂಶ ಪತ್ರವನ್ನು ಸರದಿಯಲ್ಲಿಟ್ಟು ಮತ್ತೆ ಪ್ರಯತ್ನಿಸುವುದರೊಳಗೆ ನಾನು ವೈರ್ ಕಿತ್ತಿದ್ದೆ. ಚಾಚಾ ಜವಾಬಿಗಾಗಿ ಎಷ್ಟು ಹೊತ್ತು ಕಾದರೋ...

ಸಂಪರ್ಕ ದೊರೆಯಲಿಲ್ಲವೆಂದು ಪರದೆ ತಿಳಿಸಿತು.

“ಆ ಕಡಿ ಯಾರೂ ಇಲ್ರಿ. ಅಳಿಸಿಬಿಡ್ಲೇನು?”

“ಬ್ಯಾಡ್ರಿ,” ಎಂದೆ.

ಈಗ ಅದೆಲ್ಲ ನನ್ನ ಮನೆಯ ಕಂಪ್ಯೂಟರಿನಲ್ಲಿದೆ. ಬೆಳಿಗ್ಗೆ ತೆರೆದರೆ ತಾನಾಗಿಯೇ ಆ ಸಂಖ್ಯೆಯನ್ನು ತಿರುಗಿಸುತ್ತದೆ. ನಾನು ವೈರ್ ಕೀಳುವುದಿಲ್ಲ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ವಿನಂತಿ. ತಿದ್ದಲು ಬರುವಂಥವಾದರೂ ಸರಿಯಾಗಲಿ.