ಮುಂಬಯಿಯವರು ಹುಡುಕಿಕೊಟ್ಟ ಎರಡನೇ ಹೆಂಡತಿ

ನನಗೆ ಇಬ್ಬರು ಹೆಂಡಿರಿದ್ದಾರೆ. ಇದು ನನಗೆ ಗೊತ್ತಿರಲಿಲ್ಲ. ಮುಂಬಯಿಯ ಒಂದು ಕಚೇರಿ ಕಳೆದ ತಿಂಗಳು ರಿಜಿಸ್ಟರ್ ಟಪಾಲಿನಲ್ಲಿ ತಿಳಿಸಿತು.

ಟೈಪು ಮಾಡಿದ ಇಂಗ್ಲಿಷ್ ಕಾಗದ. ಕೆಳಗೆ ಸಾಹೇಬರ ಸಹಿ. ಸಾರಾಂಶ ಇಷ್ಟು: "ನೀವು ಫಾರ್ಮಿನಲ್ಲಿ ಹೆಂಡತಿಯ ಹೆಸರು ಕುಮುದಿನಿ ಎಂದು ಬರೆದಿದ್ದೀರಿ. ಆದರೆ ಲಗ್ನಪತ್ರಿಕೆಯ ಪ್ರಕಾರ ನಿಮ್ಮ ಲಗ್ನವಾದದ್ದು ಅಂಬಕ್ಕ ಎಂಬವರೊಂದಿಗೆ. ಶಾಲೆಯ ಸರ್ಟಿಫಿಕೇಟೂ ಅಂಬಕ್ಕನದೇ. ನೀವು ಮೊಂಬಾಸಾಕ್ಕೆ ಕರೆದೊಯ್ಯುವವರು ಇವರಲ್ಲಿ ಯಾರು? ಇನ್ನೊಬ್ಬರು ಎಲ್ಲಿದ್ದಾರೆ?"

ಎಷ್ಟು ಮರ್ಯಾದೆಯ ಪ್ರಶ್ನೆ ನೋಡಿ! ಇನ್ನೊಬ್ಬರು ಆಗ ಒಳಗೆ ಭಕ್ರಿ ಬಡಿಯುತ್ತಿದ್ದರು. ಮೊದಲಿನವರೂ ಅವರೇ.

ಮೂರು ವರ್ಷದಿಂದ ಮೊಂಬಾಸಾದಲ್ಲಿ ಕೂತು ಈ ಅಂಕಣ ಬರೆದು ಸ್ಟೀಮರಿಗೆ ಹಾಕುತ್ತಿದ್ದವನು ಈಗ ರಜೆಯ ಮೇಲೆ ಹುಬ್ಬಳ್ಳಿಗೆ ಬಂದಿದ್ದೇನೆಂಬುದು ಓದುಗರಿಗೆ ಗೊತ್ತೇ ಇದೆ. (ಹುಬ್ಬಳ್ಳಿಯ ಧೂಳಿನ ಬಗ್ಗೆ ಬರೆದದ್ದಕ್ಕೆ ನೀವು ಕಳಿಸಿದ ಬೈಗುಳಗಳೂ ತಲುಪಿವೆ. ಉಪಕಾರವಾಯಿತು.) ಅಲ್ಲಿ ಒಂದು ಕಂಪನಿಯಲ್ಲಿ ನಾನು ಗುಮಾಸ್ತ. ಈ ಸಲ ಮನೆಯವಳನ್ನೂ ಜೊತೆಗೆ ಕರೆದೊಯ್ಯುವುದೆಂದು ನಿಶ್ಚಯ ಮಾಡಿಯೇ ಬಂದಿದ್ದೆ. ಅದಕ್ಕೆ ಅವಳ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ ಕಾಗದಪತ್ರ ಬೇಕು. ಕಾಗದಪತ್ರ ಕನ್ನಡದಲ್ಲಿವೆ, ಸಾಹೇಬರಿಗೆ ಇಂಗ್ಲಿಷ್ ಬೇಕು.

ಇಂಗ್ಲಿಷ್ ಬಲ್ಲೆನೆಂಬ ಹಮ್ಮಿನಲ್ಲಿ ತರ್ಜುಮೆಯನ್ನು ನಾನೇ ಮಾಡಿ ಕಳಿಸಿದ್ದೆ. ಅದರ ಬಗ್ಗೆಯೂ ಆ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತು. ಸ್ವಂತ ಹೆಂಡತಿಯ ಕಾಗದಕ್ಕೆ ಸ್ವಂತ ತರ್ಜುಮೆ ನಡೆಯುವುದಿಲ್ಲ, ಮೂಲ ಕಾಗದಗಳನ್ನು ಹಿಂದಿರುಗಿಸಿದೆ, ಕೋರ್ಟು ಒಪ್ಪುವ ತರ್ಜುಮೆಗಾರರಿಂದ ಮಾಡಿಸಿ ಕಳಿಸತಕ್ಕದ್ದು!

ಹಾಗಾದರೆ ಈ ಎರಡನೆಯ ಹೆಸರು ಎಲ್ಲಿಂದ ಬಂತು? ನನ್ನಿಂದಲೇ. ನಮ್ಮ ಮನೆಗಳಲ್ಲಿ ಲಗ್ನದ ದಿನ ಹುಡುಗಿಗೆ ಹೊಸ ಹೆಸರಿಡುವ ರೂಢಿ. ದೊಡ್ಡ ತಾಟಿನಲ್ಲಿ ಅಕ್ಕಿ ಹರವುತ್ತಾರೆ. ಮದುಮಗ ಉಂಗುರದಿಂದ ಅದರ ಮೇಲೆ ಹೆಸರು ಬರೆಯುತ್ತಾನೆ. ಹೆಂಗಸರು ಬಗ್ಗಿ ಓದಿ ನಗುತ್ತಾರೆ. ಅಲ್ಲಿಗೆ ಮುಗಿಯಿತು. ಯಾವ ಹೆಸರು? ಅದು ಮದುಮಗನ ಮರ್ಜಿ. ನಾನು ಆಗಷ್ಟೇ ಮ್ಯಾಟ್ರಿಕ್ ಮುಗಿಸಿ ಕಂಡಕಂಡ ಕಾದಂಬರಿ ಓದುತ್ತಿದ್ದ ಕಾಲ. ಹೆಂಡತಿಗೆ ಅವಳ ಅಜ್ಜಿಯ ಹೆಸರೇ? ಅದೂ ಕೊನೆಗೆ 'ಅಕ್ಕ' ಎಂದು ಬರುವ ಹೆಸರೇ? ಕುಮುದಿನಿ ಎಂದು ಬರೆದೆ. ಎಂಟು ವರ್ಷವಾಯಿತು. ತವರೂರು ಮುಗದದಿಂದ ಅಂಬಕ್ಕನಾಗಿ ಎತ್ತಿನ ಗಾಡಿ ಹತ್ತಿದ ಹುಡುಗಿ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕುಮುದಿನಿಯಾಗಿ ಇಳಿದಳು.

ಸ್ಟೀಮರಿಗೆ ಐದು ವಾರ ಉಳಿದಿತ್ತು. ಅಷ್ಟರೊಳಗೆ ಪಾಸ್‌ಪೋರ್ಟ್ ಬಾರದಿದ್ದರೆ ನಾನೊಬ್ಬನೇ ಹೊರಡಬೇಕು. ಮುಂದಿನ ರಜೆ ಮತ್ತೆ ಮೂರು ವರ್ಷಕ್ಕೆ. ಸಾಹೇಬರ ಕಾಗದವನ್ನು ಕನ್ನಡದಲ್ಲಿ ಹೇಳಿದಾಗ ಅವಳು ನಗಲಿಲ್ಲ.

"ಮತ್ತ ಮೂರು ವರ್ಷ ಕಾಗದಾ ಬರಕೋತ ಇರೂಣು ಅಂತೀರೇನು?" ಎಂದಳು. "ನನಗ ಕಾಗದದಾಗಿನ ಗಂಡ ಸಾಕಾಗ್ಯಾನ."

ಸಾಹೇಬರ ಕಾಗದವನ್ನು ಕಿಸೆಗೆ ಹಾಕಿಕೊಂಡು ಹೊರಗೆ ಹೊರಟೆ.

ಹುಬ್ಬಳ್ಳಿಯಲ್ಲಿ ನಾನು ಯಾರೆಂದು ತೋರಿಸಲು ಕಾಗದ ಬೇಕಿಲ್ಲ. ಓಣಿಯ ಯಾವ ಮನೆಯ ಕಟ್ಟೆಯ ಮೇಲೆ ಕೇಳಿದರೂ ನಮ್ಮ ಅಜ್ಜನ ಸುದ್ದಿಯಿಂದ ಶುರು ಮಾಡುತ್ತಾರೆ. ಬೇಡವೆಂದರೂ ಬಿಡುವುದಿಲ್ಲ. ಆದರೆ ಸಮುದ್ರ ದಾಟುವವನ ಜೊತೆಗೆ ಓಣಿ ಬರುತ್ತದೆಯೇ? ಅಲ್ಲಿ ನಾವು ಯಾರೆಂಬುದನ್ನು ಕಾಗದವೇ ಹೇಳಬೇಕು. ಅದೂ ನಮ್ಮ ಭಾಷೆಯಲ್ಲಲ್ಲ.

ಛಾಪಖಾನೆ ಇಟ್ಟಿರುವ ಒಬ್ಬ ಗೆಳೆಯ ಸುಲಭದ ದಾರಿ ತೋರಿಸಿದ. "ಹೊಸಾ ಲಗ್ನಪತ್ರಿಕಿ ಛಾಪಿಸಿಬಿಡೋಣಲೇ. ಹಳೇ ತಾರೀಖು, ಹೊಸಾ ಹೆಸರು. ಮೊದಲಿಂದು ಛಾಪಾದ ತಪ್ಪು ಅಂದ್ರಾತು. ಯಾವ ಸಾಹೇಬಗ ಗೊತ್ತಾಗ್ತದ?" (ಆಸೆಯಾಯಿತು, ಸುಳ್ಳೇಕೆ ಹೇಳಲಿ?) ಅದಕ್ಕಿಂತ ಕಡಿಮೆ ಪಾಪದ ದಾರಿಯೊಂದು ನನಗೇ ಹೊಳೆಯಿತು. ತರ್ಜುಮೆಗಾರರು ಅಂಬಕ್ಕ ಎಂದಿದ್ದಲ್ಲಿ ಕುಮುದಿನಿ ಎಂದು ಬರೆದರೆ, ಮೊದಲಿನದು ನನ್ನ ತರ್ಜುಮೆಯ ತಪ್ಪೆಂದರಾಯಿತಲ್ಲ! ಮರುದಿನ ಬೆಳಗಿನ ರೈಲಿಗೆ ಧಾರವಾಡಕ್ಕೆ ಹೋದೆ.

ಅಲ್ಲಿ ಶಿವಲಿಂಗಪ್ಪನವರೆಂಬ ಹಿರಿಯರಿದ್ದಾರೆ. ಕೋರ್ಟಿನಲ್ಲಿ ಮೂವತ್ತು ವರ್ಷ ತರ್ಜುಮೆ ಮಾಡಿ ಪೆನ್ಶನ್ ಪಡೆದವರು. ಈಗಲೂ ಅವರ ಸಹಿಗೆ ಕಚೇರಿಗಳಲ್ಲಿ ಬೆಲೆಯಿದೆ. ಪಡಸಾಲೆಯಲ್ಲಿ ಇಳಿಜಾರಿನ ಡೆಸ್ಕು, ಕೈಯಲ್ಲಿ ಭೂತಗನ್ನಡಿ. ನನ್ನ ಲಗ್ನಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು, ನಿಧಾನವಾಗಿ ಬರೆಯತೊಡಗಿದರು. ಕಾಲು ಗಂಟೆಯಾದರೂ ಒಕ್ಕಣೆಗೇ ಬಂದಿರಲಿಲ್ಲ. ಇಣುಕಿ ನೋಡಿದೆ. 'ಕಾಗದವು ಒಂದು ಮಡಿಕೆಯಲ್ಲಿ ಹರಿದಿದೆ, ಅಕ್ಷರಗಳಿಗೆ ಧಕ್ಕೆಯಿಲ್ಲ. ನಾಲ್ಕು ಮೂಲೆಗಳಲ್ಲಿ ಹಳದಿ ಬಣ್ಣವಿದೆ. ಇದು ಅರಿಷಿಣ. ಮಂಗಲ ಕಾರ್ಯದ ಕಾಗದಕ್ಕೆ ಹಚ್ಚುವ ಪದ್ಧತಿಯಿದೆ' ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದಿದ್ದರು.

"ಅರಿಷಿಣಾನೂ ತರ್ಜುಮಾ ಮಾಡ್ತೀರೇನ್ರಿ?" ಎಂದೆ. ನನ್ನ ದನಿಯಲ್ಲಿ ಅವಸರವಿತ್ತು.

"ಹೌದ್ರಿ. ಹಳದಿ ಕಲಿ ನೋಡಿ ಆ ಸಾಹೇಬ ಕಾಗದಕ್ಕ ಯಾರೋ ಏನೋ ಮಾಡ್ಯಾರ ಅಂತ ತಿಳೀಬಾರದು. ಅವಗ ಗೊತ್ತಿಲ್ಲ, ನಮಗ ಗೊತ್ತೈತಿ. ಗೊತ್ತಿದ್ದವ್ರು ಹೇಳಬೇಕ್ರಿ."

ಇದೇ ಸಮಯವೆಂದು ನನ್ನ ಯೋಜನೆ ಬಿಚ್ಚಿಟ್ಟೆ. ಅಂಬಕ್ಕನಿದ್ದಲ್ಲಿ ಕುಮುದಿನಿ ಎಂದು ಬರೆದುಬಿಡಿ, ಹೇಗೂ ಇಬ್ಬರೂ ಒಬ್ಬಳೇ, ಯಾರಿಗೆ ಲುಕ್ಸಾನು?

ಶಿವಲಿಂಗಪ್ಪನವರು ಲೇಖನಿ ಕೆಳಗಿಟ್ಟರು. ಕಾಗದ ಮಡಚಿ ನನ್ನ ಮುಂದೆ ಸರಿಸಿದರು.

"ತಗೊಂಡು ಹೋಗ್ರಿ. ಇದು ತರ್ಜುಮಾ ಅಲ್ಲ, ಖೊಟ್ಟಿ ಕೆಲಸ. ಈ ಕಾಗದದಾಗ ಇದ್ದಾಕಿ ಅಂಬಕ್ಕ. ಆಕಿನ್ನ ಅಳಸೂ ಅಧಿಕಾರ ನನಗಿಲ್ಲ. ನಿಮಗೂ ಇಲ್ಲ."

ನಾನು ಏಳಲಿಲ್ಲ. ಎದ್ದರೆ ಎಲ್ಲಿಗೆ ಹೋಗಲಿ? ಸ್ಟೀಮರಿನ ವಿಷಯ, ಮೂರು ವರ್ಷದ ವಿಷಯ, ಕಾಗದದೊಳಗಿನ ಗಂಡನ ವಿಷಯ ಎಲ್ಲ ಹೇಳಿದೆ. ಕೊನೆಯದಕ್ಕೆ ಅವರ ಮುಖ ಸ್ವಲ್ಪ ಸಡಿಲಾಯಿತು.

"ಹೊಸಾ ಹೆಸರ ಎಲ್ಲೆ ಬರದೀರಿ? ಅದನ್ನ ತೋರಸ್ರಿ. ಅದನ್ನೂ ತರ್ಜುಮಾ ಮಾಡೂಣು."

"ಅಕ್ಕಿ ಮ್ಯಾಲೆ ಬರದೇನ್ರಿ."

"ಆ ಅಕ್ಕಿ ಎಲ್ಲೈತಿ?"

"ಉಂಡೀವ್ರಿ."

ಮೂವತ್ತು ವರ್ಷದ ನೌಕರಿಯಲ್ಲಿ ಹೀಗೆ ಬೇಯಿಸಿ ಬಡಿಸಿದ ದಾಖಲೆ ಅವರ ಡೆಸ್ಕಿಗೆ ಬಂದಿರಲಿಕ್ಕಿಲ್ಲ. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ, "ತಾಟು ಹಿಡದವ್ರು ಯಾರರ ಜೀವಂತ ಅದಾರೇನು? ಇದ್ರ ನಾಳೆ ಕರಕೊಂಡು ಬರ್ರಿ. ನಿಮ್ಮ ಮನಿಯವ್ರನ್ನೂ ಕರಕೊಂಡು ಬರ್ರಿ" ಎಂದರು.

ತಾಟು ಹಿಡಿದವಳು ರಾಧಾ ಅತ್ಯಾ. ನಮ್ಮ ತಂದೆಯ ಅಕ್ಕ. ವಯಸ್ಸು ಎಷ್ಟೆಂದು ಅವಳಿಗೂ ಗೊತ್ತಿಲ್ಲ, ಕೇಳುವ ಧೈರ್ಯ ನಮಗೂ ಇಲ್ಲ. ಸಾಕ್ಷಿ ಹೇಳಬೇಕೆಂದಾಗ ಹೆದರುತ್ತಾಳೆಂದುಕೊಂಡಿದ್ದೆ. ಅವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಳು. ಮರುದಿನ ಶಿವಲಿಂಗಪ್ಪನವರ ಡೆಸ್ಕಿನ ಮುಂದೆ ಕೂತು ಹೇಳಿದ್ದು ಹೀಗೆ:

"ನಾನ ತಾಟು ಹಿಡದಿದ್ದೆ. ಇವಾ ಬರದಾ. ಅಕ್ಷರ ಭಾಳ ಕೆಟ್ಟ ಇದ್ದವು. 'ಮು' ಎರಡು ಸಲ ತಿದ್ದಿದಾ. ಅಂಬಕ್ಕ ಅನ್ನಾಕಿನ್ನ ಅವತ್ತಿನಿಂದ ಕುಮುದಿನಿ ಅಂತ ಕರದ್ವಿ. ಹುಡಿಗಿ ಅದೇ ಹುಡಿಗಿ. ಮರುದಿನ ಆ ಅಕ್ಕಿ ಅನ್ನಕ್ಕ ಹಾಕಿದ್ವಿ."

ಶಿವಲಿಂಗಪ್ಪನವರು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಇಳಿಸಿದರು. ಅತ್ಯಾ ಕೆಳಗೆ ಹೆಬ್ಬೆಟ್ಟು ಒತ್ತಿದಳು. (ನನ್ನ ಅಕ್ಷರ ಕೆಟ್ಟದಾಗಿತ್ತೆಂಬುದು ಈಗ ಮುಂಬಯಿಯ ಸರಕಾರಿ ಕಡತದಲ್ಲಿ ಇಂಗ್ಲಿಷಿನಲ್ಲಿ ದಾಖಲಾಗಿದೆ.)

ಉಳಿದದ್ದು ಒಂದೇ. ಇಬ್ಬರೂ ಒಬ್ಬಳೇ ಎಂದು ಹೇಳುವ ಪ್ರತಿಜ್ಞಾಪತ್ರ. ನಾನು 'ಅಲಿಯಾಸ್' ಎಂದು ಹಾಕಿಬಿಡಿ ಎಂದೆ. "ಅದು ಪೊಲೀಸರ ಶಬ್ದರಿ. ಆ ಸಾಹೇಬ ಕಳ್ಳರ ಯಾದಿಯೊಳಗ ಹುಡುಕತಾನು" ಎಂದು ಅದನ್ನೂ ತಳ್ಳಿಹಾಕಿದರು. ಒಂದು ಹೆಸರು ಬರೆದು, 'ಹೀಗೂ ಕರೆಯಲ್ಪಡುವ' ಎಂದು ಇನ್ನೊಂದನ್ನು ಬರೆಯುವುದು. ಮೊದಲು ಬರೆದದ್ದೇ ಪಾಸ್‌ಪೋರ್ಟಿನಲ್ಲಿ ಬರುತ್ತದೆ. ಮೊದಲು ಯಾವುದು?

"ಕುಮುದಿನಿ..." ಎಂದು ನಾನು ಬಾಯಿ ತೆರೆದೆ.

ಶಿವಲಿಂಗಪ್ಪನವರು ನನ್ನ ಕಡೆ ತಿರುಗಲೂ ಇಲ್ಲ. ಕಂಬದ ಹತ್ತಿರ ಕೂತವಳ ಕಡೆ ನೋಡಿದರು.

"ತಂಗೀ, ನೀ ಹೇಳವಾ. ನಿನ್ನ ಹೆಸರ ಏನಂತ ಬರೀಲಿ?"

ಅವಳು ಸೆರಗು ಸರಿಮಾಡಿಕೊಂಡಳು. ಅತ್ಯಾನ ಮುಖ ನೋಡಿದಳು. ನನ್ನ ಮುಖ ನೋಡಲಿಲ್ಲ.

"ಅಂಬಕ್ಕ ಅಂತ ಬರೀರಿ, ಕಾಕಾ. ಇನ್ನೊಂದೂ ಇರಲಿ, ಇವರು ಹೌಸಿಲೆ, ಪ್ರೀತಿಲೆ ಇಟ್ಟಾರ. ಆದರ ಆ ಹೆಸರಿಗೆ ಇನ್ನೂ ನನಗ ಲಗೂನ ಓ ಅನ್ನಲಿಕ್ಕೆ ಬರೂದಿಲ್ಲ. ಯಾರನ್ನೋ ಕರೀಲಿಕತ್ತಾರ ಅನಸ್ತದ." ಮತ್ತೆ ಹೇಳಿದಳು. "ಅಷ್ಟು ದೂರ ಹೊಂಟೇನಿ. ಇವರನ್ನ ಬಿಟ್ಟರ ಅಲ್ಲೆ ನನ್ನವರು ಯಾರಿದ್ದಾರ? ಹೆಸರರ ನಂದು ಇರಲಿ."

ಶಿವಲಿಂಗಪ್ಪನವರು ಅಂಬಕ್ಕ ಎಂದೇ ಮೊದಲು ಬರೆದರು.

ನನಗೆ ನಾಚಿಕೆಯಾಯಿತು. ಯಾಕೆ ಗೊತ್ತೇ? ಎಂಟು ವರ್ಷದಿಂದ ನಾನು ಅವಳಿಗೆ ಕಿವಿ ಸ್ವಲ್ಪ ಮಂದ ಎಂದೇ ತಿಳಿದಿದ್ದೆ. ಕುಮುದಿನೀ ಎಂದರೆ ಎರಡನೆಯ ಸಲಕ್ಕೋ ಮೂರನೆಯ ಸಲಕ್ಕೋ ತಿರುಗುತ್ತಿದ್ದಳು. ಈ ರಜೆಯಲ್ಲಿ ಡಾಕ್ಟರರನ್ನು ಕೇಳಿ ಕಿವಿಗೆ ಬಿಡುವ ಔಷಧಿ ಕೂಡ ತಂದಿದ್ದೆ. ಪಾಪ, ಏನೂ ಅನ್ನದೆ ಹಾಕಿಸಿಕೊಂಡಿದ್ದಳು.

ಆಮೇಲಿನ ಕೆಲಸವನ್ನೂ ಶಿವಲಿಂಗಪ್ಪನವರೇ ಮೈಮೇಲೆ ಎಳೆದುಕೊಂಡರು. ಮಟಮಟ ಮಧ್ಯಾಹ್ನ ಕೊಡೆ ಹಿಡಿದು ನಮ್ಮ ಜೊತೆ ಕಚೇರಿಯವರೆಗೆ ನಡೆದುಬಂದರು. ಅತ್ಯಾನ ನಡಿಗೆಗೆ ತಮ್ಮ ನಡಿಗೆ ನಿಧಾನಿಸಿದರು. ಮ್ಯಾಜಿಸ್ಟ್ರೇಟರ ಮುಂದೆ ಪ್ರತಿಜ್ಞೆಯಾಗಿ ಕಾಗದಕ್ಕೆ ಸರಕಾರಿ ಶಿಕ್ಕಾ ಬೀಳುವ ತನಕ ನಿಂತೇ ಇದ್ದರು. ನಾನು ಯಾರು ಅವರಿಗೆ? ಹಿಂದಿನ ದಿನ ಸುಳ್ಳು ಬರೆಯಿರಿ ಎಂದು ಹೋದವನು. ನಮ್ಮ ಕಡೆ ಇಂಥವರು ಇನ್ನೂ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಹುಬ್ಬಳ್ಳಿ-ಧಾರವಾಡದ ಎಲ್ಲ ಧೂಳನ್ನೂ ನಾನು ಮನ್ನಿಸಿದ್ದೇನೆ. ಅವರು ಬೇಡಿದ್ದು ಒಂದೇ. "ಪಾಸಾದ್ರ ಒಂದು ಕಾರ್ಡು ಹಾಕ್ರಿ."

ಕಾರ್ಡು ಹಾಕಲಿಲ್ಲ, ನಾನೇ ಹೋಗಿ ಕಾಲಿಗೆರಗಿ ಬಂದೆ. ಮುಂಬಯಿಯವರು ಯಾವ ತಕರಾರೂ ಇಲ್ಲದೆ ಒಪ್ಪಿದ್ದರು. ಅದನ್ನು ಕೇಳಿ ಹಿರಿಯರು, "ಅರಿಷಿಣದ ಬಗ್ಗೆ ಏನರ ಕೇಳಿದ್ರೇನು?" ಎಂದರು. ಇಲ್ಲ ಎಂದೆ. "ಹೆಂಗ ಕೇಳ್ತಾರು, ಬರದೇನಲ್ಲ" ಎಂದು ಸಮಾಧಾನಪಟ್ಟರು. ನೀವು ಇದನ್ನು ಓದುವ ಹೊತ್ತಿಗೆ ನಾವಿಬ್ಬರೂ ಸ್ಟೀಮರಿನಲ್ಲಿರುತ್ತೇವೆ.

ಪಾಸ್‌ಪೋರ್ಟ್ ಕೈಗೆ ಬಂದ ದಿನ ಪಡಸಾಲೆಯಲ್ಲಿ ನಿಂತು ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದೆ. "ಅಂಬಕ್ಕಾ!" ನಾಲಿಗೆಗೆ ರೂಢಿಯಿಲ್ಲದ್ದರಿಂದ ಕೂಗು ಸ್ವಲ್ಪ ಸೊಟ್ಟಗೇ ಬಂತು. ಹಿತ್ತಲಲ್ಲಿದ್ದವಳು ಒಂದೇ ಕೂಗಿಗೆ "ಓ" ಎಂದಳು.

ಓದುಗ ಮಹಾಶಯರೇ, ನಿಮ್ಮ ಮನೆಯಲ್ಲಿ ನೀವು ಯಾರನ್ನು ಕೂಗುತ್ತಿದ್ದೀರಿ?