ಚೌಕ ಬಾಟಲಿಯಲ್ಲಿ ಉಪ್ಪು

ಕಾಫಿಪುಡಿ ಮುಗಿದ ಚೌಕ ಬಾಟಲಿಯೊಂದನ್ನು ನಿನ್ನೆ ತೊಳೆದಿಟ್ಟೆ. ಒಣಗಿದ ಮೇಲೂ ವಾಸನೆ ಹೋಗಿರಲಿಲ್ಲ. ಆ ವಾಸನೆಗೆ ಎದುರು ಮನೆಯ ದೊಡ್ಡಮ್ಮ ನೆನಪಾದರು...

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವರದ್ದಷ್ಟು ದರಿದ್ರವಾದ ಅಡುಗೆಮನೆ ಇನ್ನೊಂದಿರಲಿಲ್ಲ. ಜಾಮಿನ ಬಾಟಲಿಯಲ್ಲಿ ಸಾಸಿವೆ, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಇಂಗು, ಕಾಫಿಯ ಚೌಕ ಬಾಟಲಿಯಲ್ಲಿ ಉಪ್ಪು. ಗುಜರಿ ಕೊಳ್ಳುವ ಭಂಗಾರದವನು ಬರುವ ಮೊದಲೇ ಎಲ್ಲರ ಬಾಗಿಲು ತಟ್ಟಿ ಖಾಲಿ ಬಾಟಲಿ ಕೇಳುತ್ತಿದ್ದರು. ಮಗನಿಗೆ ಮಹಾಪೆಯಲ್ಲಿ ಒಳ್ಳೆಯ ನೌಕರಿ. ಇವರದು ಮಾತ್ರ ಹುಟ್ಟುಗುಣ ಸುಟ್ಟರೂ ಹೋಗದು. ತೆಗೆಯುವ ಮುನ್ನ ಒಂದೊಂದು ಬಾಟಲಿಯನ್ನೂ ಬೆರಳಿನಿಂದ ಸವರುತ್ತಿದ್ದರು, ಜಿಪುಣ ನೋಟು ಸವರಿದ ಹಾಗೆ. ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು.

ಒಮ್ಮೆ ಅವರು ಕಳ್ವಾದಲ್ಲಿರುವ ಮಗಳ ಮನೆಗೆ ವಾರದ ಮಟ್ಟಿಗೆ ಹೋದರು. ಮನೆಯ ಇನ್ನೊಂದು ಚಾವಿ ನಮ್ಮಲ್ಲೇ ಇರುತ್ತಿತ್ತು. ಅವರ ಮಗನನ್ನು ಕೇಳಿದೆ, ಅವನೂ ಪೀಡೆ ತೊಲಗಲಿ ಎಂದ. ಬಾಟಲಿಗಳನ್ನೆಲ್ಲ ಭಂಗಾರಕ್ಕೆ ಹಾಕಿದೆ. ನನ್ನಲ್ಲಿರುವಂಥವೇ ಒಂದೇ ಅಳತೆಯ ಹನ್ನೆರಡು ಗಾಜಿನ ಜಾರ್ ತಂದು, ಸಾಮಾನು ತುಂಬಿ, ಚಂದದ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದ್ದೆ.

ಹಿಂದಿರುಗಿದ ದಿನ ಅವರು ಮಗನಿಗೂ ನನಗೂ ಚಹಾ ಮಾಡಿದರು. ನಾವಿಬ್ಬರೂ ನೋಡುತ್ತಾ ನಿಂತಿದ್ದರಿಂದ ರುಚಿ ನೋಡಿ ಹಾಕುವಂತಿರಲಿಲ್ಲ. ಮಗ ಒಂದು ಗುಟುಕು ಕುಡಿದು ಉಗಿದ. ಸಕ್ಕರೆಯ ಬದಲು ಉಪ್ಪು! ಅವನಿಗೆ ಸಂಶಯ ಬಂತು. ತಾಯಿಯ ಮುಖದ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದ. ಮೂರು ಸಲ ಕೇಳಿದ ಮೇಲೆ ಎರಡು ಎಂದರು. ಅವನು ಹಿಡಿದದ್ದು ನಾಲ್ಕು. ಮರುದಿನವೇ ಹೊರಗಿನಿಂದ ಊಟದ ಡಬ್ಬಾ ಗೊತ್ತುಮಾಡಿ, ಅಮ್ಮ ಇನ್ನು ಗ್ಯಾಸ್ ಮುಟ್ಟಕೂಡದೆಂದ.

ಅವನು ಹಾಗೆನ್ನುವಾಗ ನಾನು ಬಾಗಿಲಲ್ಲಿದ್ದೆ. ದೊಡ್ಡಮ್ಮ ಬೈಯಲಿಲ್ಲ.

"ಕಣ್ಣು ಸರಿ ಕಾಣದೆ ಎರಡು ವರ್ಷ ಆಯ್ತು ಮಾರಾಯ್ತಿ. ಕೈಗೆ ಎಲ್ಲ ಗೊತ್ತಿತ್ತು," ಎಂದರು. "ಅಡಿಗೆ ಒಂದಾದ್ರೂ ನನ್ನದು ಅಂತ ಇತ್ತು."

ಆ ಕೊರಗಿನಲ್ಲೇ ಬೇಗ ತೀರಿಹೋದರು ಎಂದರೆ ಸುಳ್ಳಾಗುತ್ತದೆ. ಐದು ವರ್ಷ ಬದುಕಿದರು, ಡಬ್ಬಾದ ತಣ್ಣಗಿನ ಸಾರು ಉಂಡುಕೊಂಡು... ಅಷ್ಟು ದಿನವೂ ನಾನು ತಪ್ಪಾಯಿತು ಅನ್ನಲಿಲ್ಲ. ಅವರ ಬಾಟಲಿ ಕಂಡು ಹೇಸುತ್ತಿದ್ದ ನನಗೆ ಈಗ ನನ್ನ ಮೇಲೆಯೇ ಹೇಸಿಗೆ. ಕಳೆದ ವರ್ಷ ಅವರು ಹೋದರು, ಎದುರು ಮನೆಗೆ ಬೀಗ ಬಿದ್ದಿದೆ.

ಚೌಕ ಬಾಟಲಿಗೆ ಉಪ್ಪು ತುಂಬೋಣವೆಂದು ಇವತ್ತು ನನ್ನ ಜಾರುಗಳ ಮುಂದೆ ನಿಂತೆ. ಯಾಕೋ ಕಣ್ಣು ಮುಚ್ಚಿಕೊಂಡು, ಉಪ್ಪಿನದೆಂದು ಒಂದು ಜಾರಿಗೆ ಕೈಹಾಕಿದೆ. ಮುಚ್ಚಳ ತೆಗೆದು ಚಿಟಿಕೆಯಷ್ಟು ನಾಲಿಗೆಗಿಟ್ಟೆ. ಸಕ್ಕರೆ.