ಹಲ್ಲಿನ ಗಾಡಿಯ ಎಡಗಾಲಿ

ಕೊರೊನಾ ಕಾಟ ತಣ್ಣಗಾದ ಮರುವರ್ಷದ ಮಾತು. ಆಗ ನಾನು ಕಲಬುರಗಿಯ ಒಂದು ಟ್ರಸ್ಟಿನ ಸಂಚಾರಿ ದಂತ ಚಿಕಿತ್ಸಾ ಘಟಕದಲ್ಲಿ ತಾಂತ್ರಿಕ ಮೇಲ್ವಿಚಾರಕನಾಗಿದ್ದೆ. ಹುದ್ದೆಯ ಹೆಸರು ಕೇಳಿ ಯಾರೂ ಹೆದರಬೇಕಿಲ್ಲ. ಹದಿನೆಂಟು ಅಡಿ ಉದ್ದದ, ಎರಡೇ ಗಾಲಿಯ ಒಂದು ಟ್ರೇಲರನ್ನು ಜೀಪಿಗೆ ಕಟ್ಟಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ಒಯ್ಯುವುದು, ಹೋದಲ್ಲಿ ಅದು ವಾಲದಂತೆ, ಅಲ್ಲಾಡದಂತೆ ನಿಲ್ಲಿಸುವುದು, ಮೂರು ದಿನದ ಶಿಬಿರ ಮುಗಿದ ಮೇಲೆ ಮತ್ತೆ ಕಟ್ಟಿಕೊಂಡು ಹೊರಡುವುದು. ಹನ್ನೆರಡು ವರ್ಷ ಇದನ್ನೇ ಮಾಡಿದೆ. ಜನ ಅದನ್ನು ಹಲ್ಲಿನ ಗಾಡಿ ಎನ್ನುತ್ತಿದ್ದರು, ನನ್ನನ್ನು ಹಲ್ಲಿನ ಗಾಡಿ ಶರಣಪ್ಪ ಎನ್ನುತ್ತಿದ್ದರು. ಆ ಹೆಸರು ನನಗೆ ಬಹಳ ಹಿತವಾಗಿತ್ತು.

ಗಾಡಿ ನಿಲ್ಲಿಸುವುದೇನು ಮಹಾ ವಿದ್ಯೆ ಎಂದು ನನ್ನ ಹೆಂಡತಿಯೇ ಎಷ್ಟೋ ಸಲ ಕೇಳಿದ್ದಾಳೆ. ಮನೆ ಗಾತ್ರದ ಗಾಡಿ ಎರಡೇ ಗಾಲಿಯ ಮೇಲೆ ನಿಂತಿರುತ್ತದೆ. ಒಳಗೆ ಹಲ್ಲಿನ ಕುರ್ಚಿ, ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್, ರೋಗಿ ಬಾಯಿ ಮುಕ್ಕಳಿಸಿ ಉಗುಳುವ ಬೋಗುಣಿ, ಡಾಕ್ಟರು ಕೂರುವ ಚಕ್ರದ ಸ್ಟೂಲು. ನೆಲ ಒಂದಿಂಚು ಓರೆಯಾದರೂ ಬೋಗುಣಿಯ ನೀರು ಹಿಂದಕ್ಕೆ ಬರುತ್ತದೆ, ಡ್ರಾಯರುಗಳು ತಾವಾಗಿ ತೆರೆದುಕೊಳ್ಳುತ್ತವೆ, ಸ್ಟೂಲು ಡಾಕ್ಟರನ್ನು ಹೊತ್ತುಕೊಂಡು ಗೋಡೆಯ ಕಡೆ ಹೊರಡುತ್ತದೆ.

ಅದಕ್ಕೊಂದು ಕ್ರಮವಿದೆ. ಜೀಪಿನಿಂದ ಬಿಚ್ಚುವ ಮೊದಲೇ ಎಡ ಬಲ ನೋಡಬೇಕು. ಯಾವ ಕಡೆ ತಗ್ಗೋ ಆ ಕಡೆಯ ಗಾಲಿಯನ್ನು ಹಲಗೆಗಳ ಮೇಲೆ ಹತ್ತಿಸಬೇಕು. ಆಮೇಲೆ ಎರಡೂ ಗಾಲಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಜೀಪು ಬಿಚ್ಚಿ, ಮುಂದಿನ ಮೂಗಿನ ಜಾಕ್ ತಿರುಗಿಸಿ ಹಿಂದು ಮುಂದಿನ ಮಟ್ಟ ಸರಿಮಾಡಬೇಕು. ಕೊನೆಗೆ ನಾಲ್ಕು ಮೂಲೆಯ ಜಾಕ್‌ಗಳನ್ನು ನೆಲಕ್ಕೆ ತಾಗುವಷ್ಟು ಇಳಿಸಬೇಕು. ಇವಕ್ಕೆ ಸ್ಟೆಬಿಲೈಸರ್ ಎನ್ನುತ್ತಾರೆ. ಗಾಡಿ ಅಲುಗದಂತೆ ಹಿಡಿಯುವುದಷ್ಟೇ ಇವುಗಳ ಕೆಲಸ. ಭಾರ ಹೊರುವುದು ಗಾಲಿ. ಗಾಲಿಯ ಕೆಳಗಿನ ನೆಲ ಕುಸಿದರೆ ಯಾವ ಜಾಕೂ ಕಾಯುವುದಿಲ್ಲ. ನಮ್ಮ ಸೀಮೆಯದು ಎರೆ ನೆಲ ಬೇರೆ. ಬಿಸಿಲಿಗೆ ಕಲ್ಲು, ನೀರು ಸೋಕಿದರೆ ಬೆಣ್ಣೆ.

ನಾನು ಮೇಸ್ತ್ರಿಗಳು ಗೋಡೆ ಕಟ್ಟುವಾಗ ಬಳಸುವ ರಸಮಟ್ಟ ಇಟ್ಟುಕೊಂಡು, ಗಾಜಿನ ಕೊಳವೆಯಲ್ಲಿ ಗುಳ್ಳೆ ನಟ್ಟನಡುವೆ ಬರುವವರೆಗೆ ಬಿಡದೆ ಈ ಕೆಲಸ ಮಾಡುತ್ತಿದ್ದೆ. ಸರಿಯಾಗಿ ಒಂದು ತಾಸು ಹಿಡಿಯುತ್ತಿತ್ತು. ಯಾರೂ ಅವಸರ ಮಾಡುತ್ತಿರಲಿಲ್ಲ, ಏಕೆಂದರೆ ಅದಕ್ಕಿಂತ ಬೇಗ ಆಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವನು ಮೈನುದ್ದೀನ್. ಆಳಂದದವನು, ಮೂವತ್ತೆಂಟರ ಪ್ರಾಯ, ಗುತ್ತಿಗೆಯ ಮೇಲೆ ಜೀಪಿನ ಡ್ರೈವರಾಗಿ ಬಂದ. ಅದಕ್ಕೂ ಮೊದಲು ಕರಜಗಿಯ ಕಡೆ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಕಬ್ಬು ಸಾಗಿಸುತ್ತಿದ್ದನಂತೆ. ಬಂದ ಎರಡನೇ ವಾರ ನನಗೆ ಜ್ವರ ಬಂತು. ಆ ಶಿಬಿರದಲ್ಲಿ ಅವನೇ ಗಾಡಿ ನಿಲ್ಲಿಸಿದ. ಇಪ್ಪತ್ತು ನಿಮಿಷ. ಮಟ್ಟ ನೋಡಲು ಅವನಿಗೆ ರಸಮಟ್ಟ ಬೇಕಿರಲಿಲ್ಲ. ಕಿಸೆಯಿಂದ ಒಂದು ಲಿಂಬೆಹಣ್ಣು ತೆಗೆದು ಗಾಡಿಯ ನೆಲದ ನಡುವೆ ಇಟ್ಟು ಕೈ ಬಿಡುತ್ತಿದ್ದ. ಅದು ಉರುಳಿದರೆ ಇನ್ನಷ್ಟು ಕೆಲಸ, ನಿಂತರೆ ಮುಗಿಯಿತು. ಕೆಲಸ ಮುಗಿದ ಮೇಲೆ ಅದೇ ಲಿಂಬೆ ಹಿಂಡಿ ಡಾಕ್ಟರ್ ಮೇಡಂಗೆ ಶರಬತ್ತು.

ನಮ್ಮ ವನಜಾ ಮೇಡಂ ಹಾಸನದ ಕಡೆಯವರು. ಗಟ್ಟಿ ಮನುಷ್ಯೆ, ಸುಲಭಕ್ಕೆ ಯಾರನ್ನೂ ಹೊಗಳಿದವರಲ್ಲ. ನಾನು ಜ್ವರ ಬಿಟ್ಟು ಬಂದ ದಿನ ಶರಬತ್ತಿನ ಲೋಟ ಹಿಡಿದುಕೊಂಡೇ ಹೇಳಿದರು, “ಶರಣಪ್ಪನವರೇ, ನೋಡಿದ್ರಾ? ನನ್ನ ಸ್ಟೂಲು ಒಂದು ಸಲಾನೂ ಜಾರಲಿಲ್ಲ.”

ಹನ್ನೆರಡು ವರ್ಷದಲ್ಲಿ ಮೂರೋ ನಾಲ್ಕೋ ಸಲ ಜಾರಿತ್ತು. ಆ ಮೂರು ನಾಲ್ಕನ್ನು ಅವರು ನೆನಪಿಟ್ಟುಕೊಂಡಿದ್ದಾರಲ್ಲ ಎಂದು ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇದಕ್ಕೆ ಬೇರೆ ಹೆಸರಿಲ್ಲ. ಹೊಟ್ಟೆಕಿಚ್ಚು. ಐವತ್ತೆಂಟರ ವಯಸ್ಸಿನಲ್ಲಿ, ಮೊಮ್ಮಗಳನ್ನು ಎತ್ತಿ ಆಡಿಸುವ ಹೊತ್ತಿನಲ್ಲಿ, ಒಂದು ಲಿಂಬೆಹಣ್ಣಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಅವನು ನಕ್ಕರೆ ನನ್ನನ್ನು ನೋಡಿಯೇ ನಕ್ಕನೆನಿಸುತ್ತಿತ್ತು. ಶಿಬಿರಕ್ಕೆ ಬಂದ ಜನ ರಸಮಟ್ಟ ಹಿಡಿದ ನನ್ನನ್ನು ಬಿಟ್ಟು ಲಿಂಬೆ ನೋಡಲು ಸೇರುತ್ತಿದ್ದರು. “ಏನ್ರಿ, ಊಟಾ ಸೇರವಲ್ದು?” ಎಂದು ಹೆಂಡತಿ ಕೇಳಿದರೆ ಅವಳ ಮೇಲೆ ಹರಿಹಾಯುತ್ತಿದ್ದೆ. ಕೊನೆಗೊಂದು ದಿನ ಮೇಡಂ, “ಇನ್ನು ಗಾಡಿ ನಿಲ್ಲಿಸೋದು ಮೈನುದ್ದೀನ್ ಮಾಡಲಿ, ನೀವು ಮೇಲ್ವಿಚಾರಣೆ ನೋಡಿಕೊಳ್ಳಿ, ಬೆನ್ನಿಗೆ ವಿಶ್ರಾಂತಿ” ಎಂದರು. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ.

ಹೀಗಿರುವಾಗ ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಶಿಬಿರ ಬಂತು. ಕೊರೊನಾ ಬರುವ ಹಿಂದಿನ ವರ್ಷ ಅಲ್ಲಿನ ಶಾಲೆಯ ಅದೇ ಮೈದಾನದಲ್ಲಿ ನಾನು ಗಾಡಿ ನಿಲ್ಲಿಸಿದ್ದೆ. ಮೈನುದ್ದೀನನಿಗೆ ಆ ಜಾಗ ಹೊಸದು.

ಇಲ್ಲಿ ಒಂದು ಸಂಗತಿ ಹೇಳಬೇಕು. ರೋಗಿಗಳು ಬಾಯಿ ಮುಕ್ಕಳಿಸಿದ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಅದಕ್ಕಾಗಿ ಪ್ರತಿ ಶಿಬಿರದಲ್ಲೂ ಗಾಡಿಯ ಪಕ್ಕ ಮೂರಡಿ ಆಳದ ಇಂಗುಗುಂಡಿ ತೋಡಿ, ಕಲ್ಲು ತುಂಬಿ, ಅದಕ್ಕೆ ಪೈಪು ಬಿಡುತ್ತೇವೆ. ಹೊರಡುವ ದಿನ ಮಣ್ಣು ಎಳೆದು, ನೀರು ಹಾಕಿ, ಗಟ್ಟಿಯಾಗುವಂತೆ ಗುದ್ದಿ ದಮ್ಮಸ್ಸು ಮಾಡಿ ಮುಚ್ಚಬೇಕು. ನೆಲೋಗಿಯಲ್ಲಿ ಆ ವರ್ಷ ನಾನು ದಮ್ಮಸ್ಸು ಮಾಡಿರಲಿಲ್ಲ. ಕೊನೆಯ ದಿನ, ಊರಿಗೆ ಮರಳುವ ಅವಸರ. ಸಲಿಕೆಯಿಂದ ಮಣ್ಣು ಎಳೆದು, ಕಾಲಿನಿಂದ ನಾಲ್ಕು ಸಲ ಒದ್ದು ಬಂದಿದ್ದೆ. ಮೇಲೆ ಹುಲ್ಲು ಬೆಳೆದು ಈಗ ಗುರುತೇ ಇರಲಿಲ್ಲ. ನನಗೆ ಮಾತ್ರ ಗೊತ್ತಿತ್ತು: ಬೇವಿನ ಗಿಡದಿಂದ ಕಂಪೌಂಡಿನ ಕಡೆಗೆ ಒಂಬತ್ತು ಹೆಜ್ಜೆ.

ಆ ಬೆಳಿಗ್ಗೆ ಮೈನುದ್ದೀನ್ ನೆರಳು ನೋಡಿ ಅದೇ ಬೇವಿನ ಗಿಡದ ಹತ್ತಿರ ಗಾಡಿ ತಂದ. ಎಡಗಡೆ ತಗ್ಗಿತ್ತು. ಎರಡು ಹಲಗೆ ಹಾಸಿ ಎಡಗಾಲಿ ಹತ್ತಿಸಿದ. ನಾನು ಗಿಡದ ಬುಡದಲ್ಲಿ ನಿಂತು ಹೆಜ್ಜೆ ಎಣಿಸಿದೆ, ಕಣ್ಣಿನಲ್ಲೇ. ಏಳು, ಎಂಟು, ಒಂಬತ್ತು. ಹಲಗೆ ಇದ್ದದ್ದು ನನ್ನ ಗುಂಡಿಯ ನೆತ್ತಿಯ ಮೇಲೆ.

“ಮೈನುದ್ದೀನ್, ನಿಲ್ಲು” ಎನ್ನಲು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಅವನು ಒಳಗೆ ಹೋಗಿ ಲಿಂಬೆ ಇಟ್ಟ. ಅದು ಅಲುಗಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದವರು “ವಾ ವಾ” ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ನನ್ನ ಲೆಕ್ಕ ಏನಿತ್ತೆಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಮಣ್ಣು ಒಂದಿಂಚು ಕುಗ್ಗುತ್ತದೆ, ಮೇಡಂ ಸ್ಟೂಲು ಜಾರುತ್ತದೆ, ಲಿಂಬೆ ಉರುಳುತ್ತದೆ, ಅವನ ಮುಖ ಸಣ್ಣದಾಗುತ್ತದೆ. ಆಗ ನಾನು ರಸಮಟ್ಟ ತೆಗೆದುಕೊಂಡು ನಿಧಾನವಾಗಿ ಎದ್ದು ಹೋಗುತ್ತೇನೆ. ಇಷ್ಟೇ. ಇಷ್ಟಕ್ಕಾಗಿ ಬೆಳಿಗ್ಗೆಯಿಂದ ಒಳಗೊಳಗೇ ಹಿಗ್ಗುತ್ತ ಕೂತಿದ್ದೆ, ಥೂ.

ಹನ್ನೊಂದು ಗಂಟೆಯ ಹೊತ್ತಿಗೆ ಗುರುಬಾಯಿ ಎಂಬ ಮುದುಕಿಯ ಸರದಿ ಬಂತು. ಅರವತ್ತರ ಮೇಲಿನವಳು, ದವಡೆಯ ಹಲ್ಲು ಕೀಳಿಸಬೇಕಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ನನ್ನ ಕೈ ಹಿಡಿದುಕೊಂಡಳು.

“ಗಾಡಿ ಅಲ್ಲಾಡಂಗಿಲ್ಲಲ್ಲೋ ಯಪ್ಪಾ? ನನಗ ಬಸ್ಸಿನ್ಯಾಗ ಕುಂತ್ರೂ ಎದಿ ಢವ ಢವ ಅಂತದ.”

ಆಗಲಾದರೂ ಹೇಳಬಹುದಿತ್ತು. “ಏನೂ ಆಗಂಗಿಲ್ಲ, ಹತ್ತು ಯವ್ವಾ” ಎಂದು ನಾನೇ ಹತ್ತಿಸಿದೆ.

ಬೋಗುಣಿಯ ಪೈಪಿನ ಒಂದು ಜೋಡಣೆ ಬೆಳಿಗ್ಗೆಯಿಂದ ತೊಟ್ಟಿಕ್ಕುತ್ತಿತ್ತಂತೆ. ಯಾರೂ ನೋಡಿರಲಿಲ್ಲ. ಆ ನೀರು ಹನಿಹನಿಯಾಗಿ ಎಡಗಾಲಿಯ ಕಡೆಗೇ ಹರಿದಿತ್ತು. ಒಂದಿಂಚು ಅಲ್ಲ, ಒಮ್ಮೆಲೇ ಎಂಟಿಂಚು ಕುಸಿಯಿತು. ಹಲಗೆ ಮುರಿದ ಸದ್ದು ಕೇಳಿ ತಿರುಗಿ ನೋಡುವಷ್ಟರಲ್ಲಿ ಗಾಡಿ ಎಡಕ್ಕೆ ವಾಲಿತ್ತು. ಒಳಗೆ ಡ್ರಾಯರುಗಳು, ಟ್ರೇಗಳು ಧಡಧಡ ಬಿದ್ದವು. ಅದರ ಮೇಲೆ ಗುರುಬಾಯಿಯ ಚೀರಾಟ.

ಮೈನುದ್ದೀನ್ ಓಡಿ ಹೋಗಿ ಬಾಗಿಲಿಗೆ ಹೆಗಲು ಕೊಟ್ಟ. ನಾನು ಜೀಪಿನ ಜಾಕ್ ತಂದು ಗಾಲಿಯ ಅಚ್ಚಿನ ಕೆಳಗೆ ಕೊಟ್ಟೆ. ಗುರುಬಾಯಿಯನ್ನು ಇಬ್ಬರೂ ಸೇರಿ ಇಳಿಸಿದೆವು. ಮೇಡಂ ಕೈಯಲ್ಲಿದ್ದ ಉಪಕರಣ ಜಾರಿ ಅವಳ ಕೆಳತುಟಿ ಸೀಳಿತ್ತು. ಮೇಡಂ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿ ಅಲ್ಲಿಯೇ ಮೂರು ಹೊಲಿಗೆ ಹಾಕಿದರು. ಮೇಡಂ ಮೊಣಕೈಯೂ ಕೆತ್ತಿಹೋಗಿತ್ತು. ಸರದಿಯಲ್ಲಿ ಕೂತಿದ್ದ ಜನ ಎದ್ದು ಹೋಗಿದ್ದರು.

ಕೈ ತೊಳೆದುಕೊಂಡು ಮೇಡಂ ಮೈನುದ್ದೀನನ ಎದುರು ನಿಂತರು. “ನಿಂಬೆಹಣ್ಣಿಟ್ಟು ಆಟ ಆಡೋದಲ್ಲ ಇದು. ನಾಳೆಯಿಂದ ನೀವು ಬರೋದು ಬೇಡ.” ಆಮೇಲೆ ನನ್ನ ಕಡೆ ತಿರುಗಿ, “ಶರಣಪ್ಪನವರೇ, ಸಂಜೆಯೊಳಗೆ ವರದಿ ಬರೆದುಕೊಡಿ. ನಾನು ನಿಮ್ಮನ್ನೇ ಬಿಡಬೇಕಿತ್ತು ಈ ಕೆಲಸಕ್ಕೆ” ಎಂದರು.

ತಿಂಗಳುಗಟ್ಟಲೆ ಕಾದ ಮಾತು ಅದು. ನಾನು ಶಾಲೆಯ ಜಗುಲಿಯ ಮೇಲೆ ಕೂತು ಬರೆದೆ: “ಗಾಡಿ ನಿಲ್ಲಿಸಿದವರು ನೆಲವನ್ನು ಪರಿಶೀಲಿಸಿರಲಿಲ್ಲ.” ಒಂದಕ್ಷರವೂ ಸುಳ್ಳಲ್ಲ. ಓದಿ ನೋಡಿದೆ. ನನ್ನ ಕೈಬರಹವೇ ನನಗೆ ಹೇಸಿಗೆಯಾಯಿತು.

ಮೈನುದ್ದೀನ್ ಅತ್ತ ಗಾಡಿಯ ಕೆಳಗೆ ಮಲಗಿ ಮುರಿದ ಹಲಗೆ ಎಳೆಯುತ್ತಿದ್ದ. ಬರಬೇಡ ಎಂದವರ ಗಾಡಿ ಅದು. ಬಿಟ್ಟು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗುರುಬಾಯಿ ಬೇವಿನ ಕೆಳಗೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನೀರು ಕೊಡಲು ಹೋದೆ. ಅವಳು ಲೋಟ ತೆಗೆದುಕೊಳ್ಳಲಿಲ್ಲ. ತುಟಿ ಅಲುಗಿಸಲು ಆಗದೆ ಕಷ್ಟಪಟ್ಟು ಹೇಳಿದಳು, “ನಾ ನಿನ್ನ ಕೇಳಿದ್ದೆನಲ್ಲೋ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೇರ ಮೇಡಂ ಹತ್ತಿರ ಹೋದೆ. “ಆ ಗುಂಡಿ ತೋಡಿದವನು ನಾನು, ಸರಿಯಾಗಿ ಮುಚ್ಚದವನೂ ನಾನು. ಬೆಳಿಗ್ಗೆ ಗಾಲಿ ಅದರ ಮೇಲೆ ಹತ್ತಿದ್ದನ್ನು ನೋಡಿಯೂ ಸುಮ್ಮನಿದ್ದೆ. ವರದಿಯಲ್ಲಿ ಇದನ್ನೇ ಬರೆಯುತ್ತೇನೆ” ಎಂದೆ.

ಮೇಡಂ “ಯಾಕೆ?” ಎಂದರು.

“ಹೊಟ್ಟೆಕಿಚ್ಚು, ಮೇಡಂ.”

ಮೇಡಂ ಕೈ ಚಾಚಿದರು. ಸೊಂಟದಿಂದ ಗಾಡಿಯ ಕೀಲಿಗೊಂಚಲು ತೆಗೆದು ಆ ಕೈಯಲ್ಲಿಟ್ಟೆ. ಅವರು ಹೋಗಿ ಅದನ್ನು ಗಾಡಿಯ ಕೆಳಗಿನಿಂದ ಆಗ ತಾನೇ ಮೈ ಕೊಡವಿಕೊಂಡು ಎದ್ದ ಮೈನುದ್ದೀನನಿಗೆ ಕೊಟ್ಟರು. ನನಗೆ ಲಿಖಿತ ಎಚ್ಚರಿಕೆ ಬಂತು. ನಿವೃತ್ತಿಯವರೆಗಿನ ಎರಡು ವರ್ಷ ಉಗ್ರಾಣದಲ್ಲಿ ಕಳೆದೆ.

ಅಂದು ಮಧ್ಯಾಹ್ನವೇ ಮೈನುದ್ದೀನನ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಹೊಡೆಯುತ್ತಾನೆಂದೇ ಅಂದುಕೊಂಡಿದ್ದೆ. ಅವನು ತಲೆಯ ಮಣ್ಣು ಕೊಡವಿ ಹಲಗೆಯ ಮೇಲೆ ಕೂತ.

“ನೀವು ಇಲ್ಲಿ ಮೊದಲ ಬಂದೀರಿ ಅಂತ ನನಗ ಗೊತ್ತಿತ್ರಿ ಅಣ್ಣಾರ. ಬೆಳಿಗ್ಗೆ ಕೇಳಬೇಕು ಅಂತ ಬಂತು, ಗುಂಡಿ ಎಲ್ಲದ ಅಂತ. ಕೇಳಲಿಲ್ಲ.”

“ಯಾಕ ಕೇಳಲಿಲ್ಲ?”

“ನಿಮ್ಮ ಮ್ಯಾಲ ನನಗೂ ಹೊಟ್ಟಿ ಉರೀತಿತ್ರಿ. ನೀವು ಖಾಯಂ. ಯಾವ ಊರಿಗಿ ಹೋದ್ರೂ ಹಲ್ಲಿನ ಗಾಡಿ ಶರಣಪ್ಪ ಬಂದ ಅಂತಾರ. ನಾ ಎಷ್ಟ ಲಿಂಬಿಹಣ್ಣ ನಿಂದರಸಿದ್ರೂ ನನ್ನ ಹೆಸರ ಒಬ್ಬರಿಗೂ ಗೊತ್ತಿಲ್ಲ. ಇವರನ್ನ ಕೇಳಿ ಯಾಕ ಸಣ್ಣಾಂವ ಆಗಲಿ ಅಂದೆ.” ಅಂಗೈಯ ಮಣ್ಣು ಒರೆಸಿಕೊಳ್ಳುತ್ತ ಮತ್ತೆ ಹೇಳಿದ, “ಖರೇ ಹೇಳ್ತೇನಿ, ನೀವು ಮಾಡಿದ್ದು ಮಾಫ್ ಮಾಡಾಂಗಿಲ್ರಿ. ಆದ್ರ ನನ್ನದೂ ಅದ ಇದರಾಗ.”

ನನ್ನ ಮೇಲೂ ಒಬ್ಬರು ಹೊಟ್ಟೆಕಿಚ್ಚು ಪಡಬಹುದೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ನಾವಿಬ್ಬರೂ ಉರಿದುಕೊಂಡು ಕೂತಾಗ ಹೊಲಿಗೆ ಬಿದ್ದದ್ದು ಗುರುಬಾಯಿಯ ತುಟಿಗೆ.

ಉಗ್ರಾಣದಲ್ಲಿ ಕೂತ ಮೊದಲ ತಿಂಗಳಲ್ಲಿ ಒಂದು ನೋಟ್‌ಬುಕ್ಕು ತೆಗೆದೆ. ಹನ್ನೆರಡು ವರ್ಷದಲ್ಲಿ ಗಾಡಿ ನಿಂತ ಮೈದಾನಗಳ ಚಿತ್ರ ನೆನಪಿನಿಂದ ಬರೆದೆ. ಎಲ್ಲಿ ತಗ್ಗು, ಎಲ್ಲಿ ಕಲ್ಲು, ಯಾವ ಗಿಡದಿಂದ ಎಷ್ಟು ಹೆಜ್ಜೆಗೆ ಗುಂಡಿ, ಅದರಲ್ಲಿ ಸರಿಯಾಗಿ ಮುಚ್ಚದವು ಯಾವುವು. ಸರಿಯಾಗಿ ಮುಚ್ಚದವು ಐದು ಇದ್ದವು. ಕೆಂಪು ಪೆನ್ನಿನಿಂದ ಗುರುತು ಹಾಕಿದೆ. ಮೈನುದ್ದೀನ್ ಅದನ್ನು ತೆಗೆದುಕೊಂಡು ಜೀಪಿನಲ್ಲಿಟ್ಟ.

ಕಾಲ ಕೆಳಗಿನ ನೆಲದ ಬಗ್ಗೆ ಗೊತ್ತಿದ್ದದ್ದನ್ನು ಅದರ ಮೇಲೆ ನಿಲ್ಲುವವನಿಗೆ ಹೇಳಬೇಕು, ಅವನನ್ನು ಕಂಡರೆ ನಮಗೆ ಆಗದಿದ್ದರೂ ಹೇಳಬೇಕು. ಇಷ್ಟನ್ನು ಕಲಿಯಲು ನನಗೆ ಇಡೀ ವೃತ್ತಿ ಬೇಕಾಯಿತು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ.

ಮೊನ್ನೆ ಫೋನು ಬಂತು. “ಅಣ್ಣಾರ, ಯಡ್ರಾಮಿಗಿ ಬಂದೇವ್ರಿ. ನಿಮ್ಮ ಬುಕ್ಕಿನ್ಯಾಗ ನೀರಿನ ಟಾಕಿ ಬಾಜೂಕ ಒಂದು ಗುಂಡಿ ತೋರಿಸೀರಿ. ಈಗ ಇಲ್ಲಿ ಆ ಟಾಕಿನೇ ಇಲ್ರಿ. ಎಲ್ಲಿಂದ ಅಳೀಲಿ?” ಹಿಂದಿನಿಂದ ಯಾರೋ ಹೆಂಗಸು ಕೂಗುತ್ತಿದ್ದಳು: “ಹಲ್ಲಿನ ಗಾಡಿ ಮೈನುದ್ದೀನ್ ಇಂವನೇ ಏನ?”

ಎದೆಯಲ್ಲಿ ಚುರ್ ಎಂದಿತು. ಹಳೆಯ ಉರಿಯೇ.

“ಶಾಲಿ ಗೇಟಿಂದ ಅಳಿ” ಎಂದೆ. “ಬಲಗೈ ಕಡೆ ಹದಿನಾಲ್ಕು ಹೆಜ್ಜಿ. ಹಾರಿಯಿಂದ ಚುಚ್ಚಿ ನೋಡು. ನಾನು ಫೋನ್ ಇಡಂಗಿಲ್ಲ, ಸಿಕ್ಕ ಮ್ಯಾಲ ಹೇಳು.”